ಮುಂದೆ ಯಾವ ಹ್ಯಾಂಡ್‌ಹೆಲ್ಡ್ ಗೇಮ್ ಆಡೋಣ? ಆರಿಸುವುದರಿಂದ ಆಡುವವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಒಳ್ಳೆಯ ಗೇಮ್‌ಗಳಿಗೆ ಬರವೇನೂ ಇಲ್ಲ. 1989ರಲ್ಲಿ ಗೇಮ್ ಬಾಯ್ ಬಂದಲ್ಲಿಂದ ಈಚೆಗೆ ಕೈಯಲ್ಲಿ ಹಿಡಿದು ಆಡುವ ಯಂತ್ರಗಳಿಗೆ ಬಂದ ಒಳ್ಳೆಯ ಗೇಮ್‌ಗಳನ್ನಷ್ಟೇ ಆಡುತ್ತಾ ಕೂತರೂ ಒಂದು ಜನ್ಮ ಸಾಲದು. ಹಾಗಾಗಿ ‘ಯಾವುದು ಚೆನ್ನಾಗಿದೆ?’ ಎಂದು ಕೇಳುತ್ತಾ ಹೊರಟರೆ ಉತ್ತರ ನೂರು ಸಿಗುತ್ತವೆ, ಇವತ್ತು ರಾತ್ರಿ ಏನು ಆಡಬೇಕು ಅನ್ನುವುದು ಮಾತ್ರ ಇತ್ಯರ್ಥ ಆಗುವುದಿಲ್ಲ. ಸೇಲ್ ಬಂದಾಗ ನಾಲ್ಕು ಕೊಳ್ಳುವುದು, ನಾಲ್ಕನ್ನೂ ಅರ್ಧರ್ಧ ಗಂಟೆ ಆಡುವುದು, ಆಮೇಲೆ ಹಳೆಯದಕ್ಕೇ ವಾಪಸ್ ಹೋಗುವುದು. ಈ ಹವ್ಯಾಸ ಇರುವ ಎಲ್ಲರಿಗೂ ಗೊತ್ತಿರುವ ಕತೆ ಅಲ್ವಾ?

ನನ್ನ ಲೆಕ್ಕ ಬೇರೆ. ಟಿವಿ ಮುಂದೆ ಕೂತು ಆಡುವ ಗೇಮ್‌ಗೆ ನಾವು ಸಮಯ ಮಾಡಿಕೊಳ್ಳುತ್ತೇವೆ. ಹ್ಯಾಂಡ್‌ಹೆಲ್ಡ್ ಗೇಮ್ ಮಾತ್ರ ನಮಗೆ ಸಿಕ್ಕಷ್ಟು ಸಮಯದೊಳಗೆ ಕೂರಬೇಕು. ಬಸ್ಸಿನಲ್ಲಿ, ಯಾರಿಗೋ ಕಾಯುತ್ತಾ, ಮಲಗುವ ಮುಂಚೆ. ಅಲ್ಲಿಗೆ ಹೊಂದದ ಗೇಮ್ ಎಷ್ಟೇ ದೊಡ್ಡ ಹೆಸರು ಮಾಡಿರಲಿ, ನಿಮ್ಮ ಕೈಗೆ ಬಂದು ಮೂಲೆ ಸೇರುತ್ತದೆ. ಹಾಗಾಗಿ ಮೊದಲು ನಿಮ್ಮ ದಿನ ನೋಡಿ, ಆಮೇಲೆ ನಿಮ್ಮ ಯಂತ್ರ, ಆಮೇಲೆ ಗೇಮ್. ದುಡ್ಡಿನ ಮಾತು ಕೊನೆಗೆ.

ಹೆಜ್ಜೆ 1: ನಿಮ್ಮ ಬಿಡುವು ಎಂಥದ್ದು ಎಂದು ನೋಡಿಕೊಳ್ಳಿ

ಒಂದು ವಾರ ಸುಮ್ನೆ ಗಮನಿಸಿ. ಯಂತ್ರ ಕೈಗೆ ಬಂದದ್ದು ಯಾವಾಗ? ಒಂದೇ ಸಮನೆ ಎಷ್ಟು ಹೊತ್ತು ಆಡಿದಿರಿ? ನಡುವೆ ಯಾರಾದರೂ ಕರೆದರಾ? ಸೌಂಡ್ ಇಟ್ಟುಕೊಳ್ಳಲು ಆಗುತ್ತಿತ್ತಾ? ಒಮ್ಮೆ ಬಿಟ್ಟರೆ ಮತ್ತೆ ಕೈಗೆತ್ತಿಕೊಳ್ಳುವುದು ಮರುದಿನವೋ, ಹತ್ತು ದಿನ ಬಿಟ್ಟೋ? ‘ನನಗೆ ಆರ್‌ಪಿಜಿ (ಪಾತ್ರವೊಂದನ್ನು ಬೆಳೆಸುತ್ತಾ ಕತೆಯಲ್ಲಿ ಸಾಗುವ ಗೇಮ್) ಇಷ್ಟ’, ‘ನನಗೆ ಆಕ್ಷನ್ ಇಷ್ಟ’ ಅನ್ನುವುದಕ್ಕಿಂತ ಈ ಐದು ಉತ್ತರಗಳು ಜಾಸ್ತಿ ಕೆಲಸಕ್ಕೆ ಬರುತ್ತವೆ.

ಈಗ ಗೇಮ್‌ಗಳ ಕಡೆ ಬನ್ನಿ. ಪ್ರತಿ ಗೇಮ್‌ಗೂ ನಿಲ್ಲಿಸಬಹುದಾದ ಒಂದು ಜಾಗ ಇರುತ್ತದೆ. ಅದು ಎಷ್ಟು ನಿಮಿಷಕ್ಕೊಮ್ಮೆ ಸಿಗುತ್ತದೆ ಅನ್ನುವುದನ್ನು ಕಂಡುಕೊಳ್ಳಿ.

ಸ್ಟಾರ್‌ಡ್ಯೂ ವ್ಯಾಲಿಯನ್ನೇ ತಗೊಳ್ಳಿ. ಆ ಗೇಮ್‌ನ ಒಂದು ದಿನ ಬೆಳಗ್ಗೆ 6ಕ್ಕೆ ಶುರುವಾಗಿ ರಾತ್ರಿ 2ಕ್ಕೆ ಮುಗಿಯುತ್ತದೆ. ಗೇಮ್‌ನ ಹತ್ತು ನಿಮಿಷ ಅಂದರೆ ನಮ್ಮ ಸುಮಾರು 7 ಸೆಕೆಂಡು. ಲೆಕ್ಕ ಹಾಕಿದರೆ ಒಂದು ದಿನಕ್ಕೆ ಸುಮಾರು 14 ನಿಮಿಷ. ಕನ್ಸೋಲ್‌ನಲ್ಲಿ ಸೇವ್ ಆಗುವುದು ರಾತ್ರಿ ಮಲಗಿದಾಗ. ಕಾಲು ಗಂಟೆ ಬಿಡುವಿರುವವರಿಗೆ ಅಳತೆ ತೆಗೆದು ಹೊಲಿದ ಹಾಗಿದೆ. ನಿಮಗೆ ಸಿಗುವುದು ಆರೇಳು ನಿಮಿಷ ಮಾತ್ರ ಆದರೆ ದಿನವೂ ಅರ್ಧಕ್ಕೇ ಬಿಡಬೇಕಾಗುತ್ತದೆ.

ಸ್ಲೇ ದ ಸ್ಪೈರ್‌ನಲ್ಲಿ ಕಾದಾಟದ ನಡುವೆ ಹೊರಗೆ ಬಂದರೂ ಅದೇ ಕಾದಾಟದ ಶುರುವಿಗೆ ವಾಪಸ್ ಬರುತ್ತೀರಿ. ಹೇಡಿಸ್‌ನಲ್ಲಿ ನೀವು ಬಿಟ್ಟ ಕೋಣೆಯ ಬಾಗಿಲಲ್ಲೇ ಮತ್ತೆ ಶುರು. ಸೆಲೆಸ್ಟ್‌ನಲ್ಲಿ ಒಂದೊಂದು ಪರದೆಯೂ ಒಂದು ಸಣ್ಣ ಸವಾಲು, ಬಿದ್ದರೆ ಕ್ಷಣದಲ್ಲಿ ಅಲ್ಲೇ ಎದ್ದು ನಿಲ್ಲುತ್ತೀರಿ. ಟೆಟ್ರಿಸ್, ಪಿಕ್ರಾಸ್, ಬಲಾತ್ರೋ ಇಂಥವನ್ನು ಎಲ್ಲಿ ಬೇಕಾದರೂ ಬಿಟ್ಟೇಳಬಹುದು. ಇನ್ನೊಂದು ತುದಿಯಲ್ಲಿ ಮಾನ್‌ಸ್ಟರ್ ಹಂಟರ್ ಇದೆ. ಅಲ್ಲಿ ಒಂದು ಬೇಟೆಗೆ ಸಾಮಾನ್ಯವಾಗಿ 50 ನಿಮಿಷದ ಗಡುವು. ಅಷ್ಟು ಹೊತ್ತು ಹಿಡಿಯದೇ ಇರಬಹುದು, ಆದರೆ ಜೊತೆಗೆ ಮೂವರು ಆನ್‌ಲೈನ್‌ನಲ್ಲಿ ಆಡುತ್ತಿದ್ದಾಗ ‘ಸ್ವಲ್ಪ ಇರಿ, ಬಂದೆ’ ಅನ್ನಲಾಗದು.

‘ಸ್ಲೀಪ್ ಮೋಡ್ ಇದೆಯಲ್ಲ, ಬಟನ್ ಒತ್ತಿದರೆ ಆಯಿತು’ ಎಂದು ನೀವು ಹೇಳಬಹುದು. ನಿಜ, ನಿಂಟೆಂಡೊ ಕಂಪನಿಯ ಸ್ವಿಚ್‌ನಲ್ಲೂ, ಪಿಸಿ ಗೇಮ್‌ಗಳನ್ನು ಓಡಿಸುವ ಸ್ಟೀಮ್ ಡೆಕ್‌ನಲ್ಲೂ ಅದೇ ದೊಡ್ಡ ಸುಖ. ಆದರೆ ಅದಕ್ಕೂ ಮಿತಿ ಇದೆ. ಸ್ವಿಚ್‌ನಲ್ಲಿ ಒಂದು ಸಲಕ್ಕೆ ಒಂದೇ ಗೇಮ್ ತೆರೆದಿರುತ್ತದೆ. ಇನ್ನೊಂದನ್ನು ಶುರು ಮಾಡಲು ಹೋದರೆ ಮೊದಲನೆಯದನ್ನು ಮುಚ್ಚಬೇಕು. ಮನೆಯಲ್ಲಿ ಇಬ್ಬರು ಒಂದೇ ಯಂತ್ರ ಹಂಚಿಕೊಳ್ಳುತ್ತಿದ್ದರೆ ನಿಮ್ಮ ಅರ್ಧ ಆಡಿದ ದಿನ ಇನ್ನೊಬ್ಬರ ಕೈಯಲ್ಲಿ ಹೋಗುತ್ತದೆ. ಬ್ಯಾಟರಿ ಪೂರ್ತಿ ಇಳಿದರೂ ಅದೇ ಗತಿ. ಆನ್‌ಲೈನ್ ಗೇಮ್‌ಗಳಂತೂ ಯಂತ್ರ ಮಲಗಿದ ಕೂಡಲೇ ಸಂಪರ್ಕ ಕಡಿದುಕೊಳ್ಳುತ್ತವೆ.

ನಿಮಿಷಗಳಷ್ಟೇ ಮುಖ್ಯವಾದ ಇನ್ನೊಂದು ಮಾತು ಮರೆವು. ಹಾಲೋ ನೈಟ್ ಬಹಳ ಒಳ್ಳೆಯ ಗೇಮ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಮ್ಯಾಪನ್ನು ದುಡ್ಡು ಕೊಟ್ಟು ಕೊಳ್ಳಬೇಕು. ಮ್ಯಾಪ್ ಇದ್ದರೂ, ದಿಕ್ಸೂಚಿಯ ಚಾರ್ಮ್ (ತಾಯಿತದಂಥದ್ದು) ಹಾಕಿಕೊಳ್ಳದೆ ಹೋದರೆ ನೀವು ಎಲ್ಲಿದ್ದೀರಿ ಅನ್ನುವುದು ಅದರಲ್ಲಿ ಕಾಣುವುದಿಲ್ಲ. ದಿನಾ ಆಡುವವರಿಗೆ ಈ ಕಳೆದುಹೋಗುವುದೇ ಮಜಾ. ಎರಡು ವಾರ ಬಿಟ್ಟು ಬಂದವರಿಗೆ ಯಾವ ಬಾಗಿಲು ಯಾಕೆ ಮುಚ್ಚಿತ್ತು, ಎಲ್ಲಿಗೆ ಹೊರಟಿದ್ದೆ ಒಂದೂ ನೆನಪಿರುವುದಿಲ್ಲ. ಬಿಟ್ಟು ಬಿಟ್ಟು ಆಡುವವರು ದೊಡ್ಡ ಮ್ಯಾಪ್‌ನಲ್ಲಿ ದಾರಿ ಹುಡುಕುತ್ತಾ ಅಲೆಯುವ ಇಂಥ ‘ಮೆಟ್ರಾಯ್ಡ್‌ವೇನಿಯಾ’ ಗೇಮ್‌ಗಳನ್ನು ರಜೆಗೆ ಇಟ್ಟುಕೊಳ್ಳಿ. ಪ್ರತಿ ಸಲ ಹೊಸದಾಗಿ ಶುರುವಾಗುವ ರೋಗ್‌ಲೈಕ್‌ಗಳು, ಹಂತ ಹಂತವಾಗಿ ಇರುವ ಪಜಲ್‌ಗಳು, ಇನ್‌ಟು ದ ಬ್ರೀಚ್ ಥರದ ಸಣ್ಣ ಯುದ್ಧದ ಗೇಮ್‌ಗಳು ಮರೆವನ್ನು ಕ್ಷಮಿಸುತ್ತವೆ.

ಸದ್ದಿನ ವಿಷಯ ಬೇಗ ಹೇಳಿಬಿಡುತ್ತೇನೆ. ರಿದಮ್ ಗೇಮ್ ಆಡುವುದಾದರೆ ಬ್ಲೂಟೂತ್ ಇಯರ್‌ಫೋನ್ ನಂಬಬೇಡಿ. ಸದ್ದು ಕಿವಿಗೆ ತಲುಪುವುದು ತುಸು ತಡವಾಗುತ್ತದೆ, ತಾಳ ತಪ್ಪುತ್ತದೆ. ವೈರ್ ಇರುವುದೇ ಬೇಕು. ನಿಂಟೆಂಡೊ ಡಿಎಸ್‌ನ ಕೆಲವು ಗೇಮ್‌ಗಳಲ್ಲಿ ಮೈಕ್‌ಗೆ ಊದಬೇಕು, ಕೂಗಬೇಕು. ಅವು ಬಸ್ಸಿಗೆ ಹೇಳಿ ಮಾಡಿಸಿದ್ದಲ್ಲ.

ಹೆಜ್ಜೆ 2: ಮನೆಯಲ್ಲಿ ಇರುವುದನ್ನು ಒಮ್ಮೆ ತಡಕಾಡಿ

ಕೊಳ್ಳುವ ಮುಂಚೆ ನಿಮ್ಮ ಬಳಿ ಇರುವ, ಆಡದೇ ಬಿಟ್ಟ ಗೇಮ್‌ಗಳನ್ನು ಒಂದು ಕಡೆ ಬರೆಯಿರಿ. ಉಚಿತವಾಗಿ ಬಂದದ್ದು, ಚಂದಾದಲ್ಲಿ ಸಿಗುವುದು ಎಲ್ಲ ಸೇರಲಿ. ನಿಂಟೆಂಡೊ ಸ್ವಿಚ್ ಆನ್‌ಲೈನ್ ಚಂದಾ ಇದ್ದರೆ ಗೇಮ್ ಬಾಯ್ ಕಾಲದ ಎಷ್ಟೋ ಗೇಮ್‌ಗಳು ಅದರಲ್ಲೇ ಇವೆ. ಗೇಮ್ ಬಾಯ್ ಅಡ್ವಾನ್ಸ್‌ನವು ಬೇಕೆಂದರೆ ಮೇಲಿನ ದರ್ಜೆಯ ಎಕ್ಸ್‌ಪ್ಯಾನ್ಷನ್ ಪ್ಯಾಕ್ ಬೇಕು. ಹಳೆಯ ಕಾರ್ಟ್ರಿಡ್ಜ್ ಹುಡುಕುತ್ತಾ ಅಲೆಯುವ ಮುಂಚೆ ಅಲ್ಲಿ ಇದೆಯಾ ನೋಡಿ.

ಪಟ್ಟಿ ಉದ್ದವಾದರೆ ಗಾಬರಿ ಬೇಡ. ಅದನ್ನು ಮುಗಿಸಲೇಬೇಕು ಎಂದು ಯಾರೂ ಶಾಸನ ಬರೆದಿಲ್ಲ. ಬಾಕಿ ಇರುವ ಗೇಮ್‌ಗಳನ್ನು ಸಾಲದ ಹಾಗೆ ಕಾಣುವ ಒಂದು ಚಾಳಿ ಇದೆ, ನನಗೆ ಅದು ಸರಿಕಾಣುವುದಿಲ್ಲ. ಪಟ್ಟಿಯಿಂದ ಕೆಲಸ ಒಂದೇ: ಹೊಸದೊಂದು ಕಣ್ಣಿಗೆ ಬಿದ್ದಾಗ, ಅದೇ ಬಿಡುವಿಗೆ ಹೊಂದುವ ಗೇಮ್ ಆಗಲೇ ಮನೆಯಲ್ಲಿ ಇದೆಯಾ ಎಂದು ತಿಳಿಯಬೇಕು. ಕಾಲು ಗಂಟೆಯ ರೋಗ್‌ಲೈಕ್ ಎರಡು ಮುಟ್ಟದೆ ಬಿದ್ದಿದ್ದರೆ ಮೂರನೆಯದು ಯಾಕೆ?

ಒಂದು ಸಲಕ್ಕೆ ಎರಡು ಗೇಮ್ ನಡೆಯುತ್ತಿದ್ದರೆ ಚೆಂದ ಅನ್ನುವುದು ನನ್ನ ಅಭಿಪ್ರಾಯ. ಒಂದು ದೊಡ್ಡದು, ವಾರದ ಕೊನೆಗೆ. ಇನ್ನೊಂದು ಚಿಕ್ಕದು, ದಣಿದು ಬಂದ ದಿನಕ್ಕೆ. ಸ್ವಿಚ್‌ನಲ್ಲಿ ಆಡುವವರಾದರೆ ಇವೆರಡರಲ್ಲಿ ಒಂದಾದರೂ ಎಲ್ಲಿ ಬೇಕಾದರೂ ಸೇವ್ ಆಗುವಂಥದ್ದಾಗಿರಲಿ. ಕಾರಣ ಮೇಲೆಯೇ ಹೇಳಿದೆ.

ಹೆಜ್ಜೆ 3: ಅದು ನಿಮ್ಮ ಯಂತ್ರದಲ್ಲಿ ಹೇಗೆ ಓಡುತ್ತದೆ?

ಎಡವುವವರು ಜಾಸ್ತಿ ಇಲ್ಲೇ. ಒಂದೇ ಹೆಸರಿನ ಗೇಮ್ ಬೇರೆ ಬೇರೆ ಯಂತ್ರದಲ್ಲಿ ಬೇರೆ ಬೇರೆ ಅನುಭವ.

ಮೊದಲು ಅಕ್ಷರದ ಗಾತ್ರ. ಟಿವಿಗೆಂದು ಮಾಡಿದ ಗೇಮ್‌ಗಳಲ್ಲಿ ಬರಹ ಚಿಕ್ಕದಾಗಿರುತ್ತದೆ. ಸ್ವಿಚ್ ಲೈಟ್‌ನ ಪರದೆ 5.5 ಇಂಚು, ಮೊದಲ ಸ್ವಿಚ್‌ನದು 6.2, ಸ್ವಿಚ್ ಓಎಲ್‌ಇಡಿ ಮಾದರಿಯದು 7, ಸ್ವಿಚ್ 2ರದು 7.9. ಫೈರ್ ಎಂಬ್ಲೆಮ್: ಥ್ರೀ ಹೌಸಸ್ ಬಂದಾಗ ಕೈಯಲ್ಲಿ ಹಿಡಿದು ಆಡಿದ ಎಷ್ಟೋ ಜನ ಅಕ್ಷರ ಕಾಣುತ್ತಿಲ್ಲ ಎಂದು ಗೊಣಗಿದ್ದರು. ಕತೆ, ಅಂಕಿ, ಮೆನು ತುಂಬಿದ ಗೇಮ್ ಆದರೆ ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಯಾರಾದರೂ ಆಡಿದ ವಿಡಿಯೊ ತೆಗೆದು, ಮೊಬೈಲನ್ನು ಅಡ್ಡ ಹಿಡಿದು, ನೀವು ಯಂತ್ರ ಹಿಡಿಯುವಷ್ಟೇ ದೂರದಲ್ಲಿ ಇಟ್ಟು ಓದಿ ನೋಡಿ. ಅಲ್ಲಿ ಸಲೀಸಾಗಿ ಓದಲು ಬಂದರೆ ಯಂತ್ರದಲ್ಲೂ ಬಹುಮಟ್ಟಿಗೆ ಬರುತ್ತದೆ. ಸ್ವಿಚ್‌ನ ಸೆಟ್ಟಿಂಗ್ಸ್‌ನಲ್ಲಿ ಜೂಮ್ ಆನ್ ಮಾಡಿಕೊಂಡರೆ ಹೋಮ್ ಬಟನ್ ಎರಡು ಸಲ ಒತ್ತಿ ಪರದೆ ದೊಡ್ಡದು ಮಾಡಬಹುದು. ಆಪತ್ಕಾಲಕ್ಕೆ ಸರಿ, ಅರವತ್ತು ಗಂಟೆಯ ಆರ್‌ಪಿಜಿಗೆ ಅದನ್ನೇ ನಂಬಿ ಕೂರಲಾಗದು.

ಆಮೇಲೆ ಓಟ. ಸ್ಟೀಮ್ ಡೆಕ್ ಇದ್ದವರಿಗೆ ಅಂಗಡಿ ಪುಟದಲ್ಲೇ ಗುರುತು ಇರುತ್ತದೆ. ಹಸಿರು ಟಿಕ್ ಅಂದರೆ ವೆರಿಫೈಡ್. ಹಳದಿ ಅಂದರೆ ಪ್ಲೇಯಬಲ್: ಆಡಬಹುದು, ಆದರೆ ಅಕ್ಷರ ಚಿಕ್ಕದಿರಬಹುದು, ಕೀಬೋರ್ಡ್ ಎಳೆದುಕೊಳ್ಳಬೇಕಾಗಬಹುದು. ಮೂರನೆಯದು ಅನ್‌ಸಪೋರ್ಟೆಡ್. ಹಸಿರು ಟಿಕ್ಕನ್ನೂ ಕಣ್ಣು ಮುಚ್ಚಿ ನಂಬಬೇಡಿ, ಹಳದಿ ಎಂದು ಮೂಗು ಮುರಿಯಲೂ ಬೇಡಿ. ಪ್ರೋಟಾನ್‌ಡಿಬಿ ಅನ್ನುವ ಜಾಲತಾಣದಲ್ಲಿ ಆಡಿದವರೇ ಬರೆದ ಟಿಪ್ಪಣಿಗಳು ಸಿಗುತ್ತವೆ, ಅವು ಜಾಸ್ತಿ ಉಪಯೋಗ. ಮೋಸ ತಡೆಯುವ ಆ್ಯಂಟಿ-ಚೀಟ್ ಇರುವ ಕೆಲವು ಆನ್‌ಲೈನ್ ಗೇಮ್‌ಗಳು ಡೆಕ್‌ನ ಸ್ವಂತ ವ್ಯವಸ್ಥೆಯಲ್ಲಿ ಓಡುವುದೇ ಇಲ್ಲ. ಫೋರ್ಟ್‌ನೈಟ್, ವ್ಯಾಲೊರಂಟ್, ಡೆಸ್ಟಿನಿ 2 ಆ ಪೈಕಿ.

ಸ್ವಿಚ್‌ನಲ್ಲಿ ಇಂಥ ಗುರುತು ಇಲ್ಲ. ಅದಕ್ಕೆ ಡಿಜಿಟಲ್ ಫೌಂಡ್ರಿ ಥರದವರ ಪರೀಕ್ಷೆಗಳಲ್ಲಿ ‘ಹ್ಯಾಂಡ್‌ಹೆಲ್ಡ್ ಮೋಡ್’ ಭಾಗ ಮಾತ್ರ ನೋಡಿ. ಡಾಕ್‌ಗೆ ಹಾಕಿ ಟಿವಿಯಲ್ಲಿ ತೋರಿಸಿದ ಚಿತ್ರ ನಿಮಗೆ ಬೇಡ. ಕ್ಸೆನೊಬ್ಲೇಡ್ ಕ್ರಾನಿಕಲ್ಸ್ 2 ಟಿವಿಯಲ್ಲಿ ಒಂದು ಥರ, ಕೈಯಲ್ಲಿ ಬೇರೆ ಥರ. ಕೈಯಲ್ಲಿ ಚಿತ್ರ ಮಸುಕಾಗುವುದು ಎದ್ದು ಕಾಣುತ್ತದೆ. ಇನ್ನೊಂದು ಬಲೆ ‘ಕ್ಲೌಡ್ ವರ್ಷನ್’. ಕಂಟ್ರೋಲ್, ಕಿಂಗ್‌ಡಮ್ ಹಾರ್ಟ್ಸ್ ಸರಣಿ ಇವು ಮೊದಲ ಸ್ವಿಚ್‌ಗೆ ಬಂದದ್ದು ಹೀಗೆ. ಗೇಮ್ ಓಡುವುದು ಎಲ್ಲೋ ದೂರದ ಸರ್ವರ್‌ನಲ್ಲಿ, ನಿಮಗೆ ಬರುವುದು ವಿಡಿಯೊ. ನೆಟ್ ಇಲ್ಲದ ಕಡೆ ಆಡಲಾಗದ ಗೇಮನ್ನು ಹ್ಯಾಂಡ್‌ಹೆಲ್ಡ್‌ಗೆ ಯಾಕೆ ಕೊಳ್ಳಬೇಕೋ ನನಗಂತೂ ತಿಳಿಯದು.

ಬ್ಯಾಟರಿ ಮತ್ತು ಭಾರ. ಗೇಮ್ ಬಾಯ್‌ಗೆ ನಾಲ್ಕು ಎಎ ಬ್ಯಾಟರಿ ಸಾಕಿತ್ತು. ಅದರ ಎದುರಾಳಿ, ಬಣ್ಣದ ಪರದೆಯ ಗೇಮ್ ಗಿಯರ್ ಆರು ನುಂಗಿಯೂ ಬೇಗ ಸುಸ್ತಾಗುತ್ತಿತ್ತು. ಕಪ್ಪುಬಿಳುಪಿನದೇ ಗೆದ್ದಿತು. ಈಗಲೂ ಕತೆ ಅಷ್ಟೇ. ಸ್ಟೀಮ್ ಡೆಕ್‌ನ ಮೊದಲ ಮಾದರಿಗೆ ಕಂಪನಿ ಹೇಳಿದ್ದು 2ರಿಂದ 8 ಗಂಟೆ. ಆ ಎರಡೂ ತುದಿಗಳ ನಡುವಿನ ವ್ಯತ್ಯಾಸ ಬಹುಪಾಲು ನೀವು ಆರಿಸುವ ಗೇಮ್‌ನದು. ದೊಡ್ಡ ತ್ರೀಡಿ ಗೇಮ್ ಎರಡು ಗಂಟೆಯಲ್ಲಿ ಬ್ಯಾಟರಿ ಬಸಿದರೆ, ಪಿಕ್ಸೆಲ್ ಚಿತ್ರದ ಗೇಮ್ ಅದರ ಮೂರು ಪಟ್ಟು ನಡೆಯುತ್ತದೆ. ಚಾರ್ಜರ್‌ನಿಂದ ದೂರ ಇರುವ ದಿನಗಳಿಗೆ ಗೇಮ್ ಆರಿಸುತ್ತಿದ್ದರೆ ಇದೇ ಮೊದಲ ಪ್ರಶ್ನೆ. ಭಾರವೂ ಅಷ್ಟೇ: ಸ್ವಿಚ್ ಲೈಟ್ ಸುಮಾರು 275 ಗ್ರಾಂ, ಮೊದಲ ಸ್ಟೀಮ್ ಡೆಕ್ ಸುಮಾರು 669 ಗ್ರಾಂ. ಮಲಗಿಕೊಂಡು ಡೆಕ್ ಎತ್ತಿ ಹಿಡಿದು ವೇಗದ ಆಕ್ಷನ್ ಗೇಮ್ ಆಡಿ ನೋಡಿ, ಮಣಿಕಟ್ಟು ಬೇಗ ಮಾತಾಡುತ್ತದೆ. ಸರದಿ ಪ್ರಕಾರ ನಡೆಯುವ ಗೇಮ್ ಆದರೆ ಹೊಟ್ಟೆ ಮೇಲಿಟ್ಟುಕೊಂಡು ಆಡಬಹುದು.

ಜಾಗ ಇದೆಯಾ ಅದನ್ನೂ ನೋಡಿ. ಮೊದಲ ಸ್ವಿಚ್‌ನ ಒಳಗೆ ಇರುವುದು 32 ಜಿಬಿ. ಸ್ವಿಚ್ 2ರಲ್ಲಿ 256 ಜಿಬಿ ಇದೆ, ಆದರೆ ಅದು ಸಾಲದೆ ಕಾರ್ಡ್‌ನಲ್ಲಿ ಗೇಮ್ ಇಡಬೇಕೆಂದರೆ ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡೇ ಬೇಕು. ಹಳೆಯ ಸಾಮಾನ್ಯ ಕಾರ್ಡ್‌ನಲ್ಲಿ ಗೇಮ್ ಇಡಲಾಗದು. ಸ್ಟೀಮ್ ಡೆಕ್‌ನಲ್ಲಿ ಬಾಲ್ಡರ್ಸ್ ಗೇಟ್ 3 ಥರದ್ದು 150 ಜಿಬಿ ಕೇಳುತ್ತದೆ. ಅದೊಂದನ್ನು ಇಳಿಸಲು ಹತ್ತು ಗೇಮ್ ಅಳಿಸಬೇಕಾದೀತು.

ಹೆಜ್ಜೆ 4: ರಿವ್ಯೂ ಓದುವ ಕ್ರಮ

ಅಂಕ ನೋಡಬೇಡಿ ಎಂದು ಹೇಳುವುದಿಲ್ಲ. ಹತ್ತಕ್ಕೆ ನಾಲ್ಕು ಬಂದ ಗೇಮ್‌ನಲ್ಲಿ ಏನೋ ಕೆಟ್ಟಿರುತ್ತದೆ. ಆದರೆ ಎಂಟಕ್ಕೂ ಒಂಬತ್ತೂವರೆಗೂ ನಡುವಿನ ಅಂತರ ನಿಮಗೆ ಏನೂ ಹೇಳುವುದಿಲ್ಲ. ಬರೆದವರು ಅದನ್ನು ಯಾವ ಯಂತ್ರದಲ್ಲಿ, ಎಷ್ಟು ಅವಸರದಲ್ಲಿ ಆಡಿದರು ಅನ್ನುವುದು ಹೇಳುತ್ತದೆ. ಬಿಡುಗಡೆಯ ದಿನದ ರಿವ್ಯೂ ಬರೆಯುವವರು ನೂರು ಗಂಟೆಯ ಗೇಮನ್ನು ಕೆಲವೇ ದಿನಗಳಲ್ಲಿ ಓಡಿಸಿರುತ್ತಾರೆ. ದಿನಕ್ಕೆ ಇಪ್ಪತ್ತು ನಿಮಿಷ ಆಡುವ ನಿಮಗೆ ಅದೇ ಗೇಮ್ ಹತ್ತು ತಿಂಗಳು.

ನಾನು ಮೊದಲು ಓದುವುದು ಮಧ್ಯಮ ಅಂಕ ಕೊಟ್ಟವರದು. ಪೂರ್ತಿ ಮೆಚ್ಚಿದವರೂ ಪೂರ್ತಿ ಬೈದವರೂ ಕಾರಣ ಹೇಳುವುದು ಕಡಿಮೆ. ನಡುವೆ ನಿಂತವರು ಮಾತ್ರ ‘ಕಾದಾಟ ಚೆನ್ನಾಗಿದೆ, ಆದರೆ ಪ್ರತಿ ಹತ್ತು ನಿಮಿಷಕ್ಕೂ ಯಾರೋ ಬಂದು ಮಾತಾಡಿಸುತ್ತಾರೆ’ ಎಂದು ಬಿಡಿಸಿ ಬರೆಯುತ್ತಾರೆ. ಅವರಿಗೆ ಬೇಸರ ತಂದದ್ದು ನಿಮಗೆ ಇಷ್ಟವಾಗುವಂಥದ್ದಾದರೆ, ನಿಮ್ಮ ಗೇಮ್ ಸಿಕ್ಕಿತು ಅಂತಲೇ.

ಉದ್ದ ತಿಳಿಯಲು ಹೌ ಲಾಂಗ್ ಟು ಬೀಟ್ ಅನ್ನುವ ಜಾಲತಾಣ ಇದೆ. ಅಲ್ಲಿ ಮುಖ್ಯ ಕತೆ ಮಾತ್ರ, ಕತೆ ಜೊತೆ ಉಪಕತೆಗಳು, ಎಲ್ಲವೂ ಸೇರಿ ಎಂದು ಬೇರೆ ಬೇರೆ ಗಂಟೆ ಕೊಟ್ಟಿರುತ್ತಾರೆ. ಎ ಶಾರ್ಟ್ ಹೈಕ್ ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಮೆಟ್ರಾಯ್ಡ್ ಡ್ರೆಡ್, ಸೆಲೆಸ್ಟ್ ಹತ್ತು ಗಂಟೆಯ ಆಸುಪಾಸು. ಪರ್ಸೋನಾ 5 ರಾಯಲ್ ನೂರರ ಹತ್ತಿರ. ಆ ಗಂಟೆಗಳನ್ನು ನಿಮ್ಮ ವಾರದ ಗಂಟೆಗಳಿಂದ ಭಾಗಿಸಿ. ವಾರಕ್ಕೆ ನಾಲ್ಕು ಗಂಟೆ ಸಿಗುವವರಿಗೆ ಪರ್ಸೋನಾ ಅಂದರೆ ಆರು ತಿಂಗಳ ಒಪ್ಪಂದ. ಒಪ್ಪಿಗೆ ಇದ್ದರೆ ಧಾರಾಳವಾಗಿ ತಗೊಳ್ಳಿ, ಅದು ಅಷ್ಟು ದಿನ ಜೊತೆಗಿರಲು ತಕ್ಕ ಗೇಮೇ. ಆದರೆ ಅದರ ಬೆನ್ನಿಗೇ ಇನ್ನೊಂದು ನೂರು ಗಂಟೆಯದನ್ನು ಕೊಳ್ಳಬೇಡಿ. ದೊಡ್ಡದೊಂದು ಮುಗಿದ ಮೇಲೆ ಚಿಕ್ಕದೊಂದು ಆಡಿ.

ಹೆಜ್ಜೆ 5: ರುಚಿ ನೋಡಿ

ಡೆಮೊ ಇದ್ದರೆ ಮೊದಲು ಅದನ್ನು ಇಳಿಸಿಕೊಳ್ಳಿ. ಕೆಲವು ಡೆಮೊಗಳು ಬಹಳ ಉದಾರ. ಸ್ವಿಚ್‌ನಲ್ಲಿ ಆಕ್ಟೋಪಾತ್ ಟ್ರಾವೆಲರ್‌ನ ಡೆಮೊ ಮೂರು ಗಂಟೆ ಆಡಲು ಬಿಡುತ್ತದೆ, ಆ ಸೇವ್ ಪೂರ್ತಿ ಗೇಮ್‌ಗೂ ಹೋಗುತ್ತದೆ. ಡ್ರ್ಯಾಗನ್ ಕ್ವೆಸ್ಟ್ 11 ಎಸ್‌ನ ಡೆಮೊ ಇನ್ನೂ ದೊಡ್ಡದು, ಅದರ ಸೇವ್ ಕೂಡ ಮುಂದುವರಿಯುತ್ತದೆ. ಇಂಥದ್ದರಲ್ಲಿ ಸುಮ್ನೆ ಕೊಂಡು ಕೈ ಕಚ್ಚಿಕೊಳ್ಳುವ ಅಗತ್ಯವೇ ಇಲ್ಲ.

ಸ್ಟೀಮ್ ಅನ್ನುವ ಪಿಸಿ ಗೇಮ್ ಅಂಗಡಿಯಲ್ಲಿ ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಗೇಮ್‌ನ ಲಾಂಚರ್ ತೆರೆದು ಸೆಟ್ಟಿಂಗ್ ತಿದ್ದುತ್ತಾ ಕೂತ ಹೊತ್ತೂ ಆ ಎರಡು ಗಂಟೆಯಲ್ಲಿ ಸೇರುತ್ತದೆ, ನೆನಪಿಡಿ. ನಿಂಟೆಂಡೊ ಅಂಗಡಿಯಲ್ಲಿ ಡೌನ್‌ಲೋಡ್ ಕೊಂಡರೆ ಸಾಮಾನ್ಯವಾಗಿ ವಾಪಸ್ ಇಲ್ಲ, ಅಲ್ಲಿ ಡೆಮೊ ಇನ್ನೂ ಮುಖ್ಯ.

ಡೆಮೊ ಆಗಲಿ, ಆ ಎರಡು ಗಂಟೆ ಆಗಲಿ, ಸೋಫಾದಲ್ಲಿ ನೆಮ್ಮದಿಯಾಗಿ ಕೂತು ಕಳೆಯಬೇಡಿ. ನೀವು ನಿಜವಾಗಿ ಆಡುವ ಜಾಗಕ್ಕೆ ತೆಗೆದುಕೊಂಡು ಹೋಗಿ. ಶುರು ಮಾಡಿದ ಕೂಡಲೇ ಬ್ಯಾಟರಿ ಎಷ್ಟಿದೆ ನೋಡಿಕೊಳ್ಳಿ. ಮೊದಲ ಮಾತುಕತೆ ಬಂದಾಗ ಅಕ್ಷರ ಓದಲು ಯಂತ್ರವನ್ನು ಮುಖದ ಹತ್ತಿರ ತರುತ್ತಿದ್ದೀರಾ ಗಮನಿಸಿ. ಸೌಂಡ್ ಪೂರ್ತಿ ತೆಗೆದು ಹತ್ತು ನಿಮಿಷ ಆಡಿ: ಶತ್ರು ಬಂದದ್ದು ಗೊತ್ತಾಗುತ್ತಾ? ಬಿಸಿಲಿನಲ್ಲಿ ಅಥವಾ ಟ್ಯೂಬ್‌ಲೈಟಿನ ಕೆಳಗೆ ಕತ್ತಲೆಯ ದೃಶ್ಯ ಕಾಣುತ್ತಾ? ಒಂದು ಕಾದಾಟದ ನಟ್ಟನಡುವೆ ಪವರ್ ಬಟನ್ ಒತ್ತಿ ಮಲಗಿಸಿ. ಕಾಲು ಗಂಟೆ ಬಿಟ್ಟು ಎಬ್ಬಿಸಿ. ಏನು ಮಾಡುತ್ತಿದ್ದೆ ಅನ್ನುವುದು ಎಷ್ಟು ಬೇಗ ನೆನಪಾಯಿತು? ಸದ್ದು ಸರಿಯಾಗಿ ಬಂತಾ? ಕೊನೆಗೆ ಬ್ಯಾಟರಿ ಇನ್ನೊಮ್ಮೆ ನೋಡಿ. ಅರ್ಧ ಗಂಟೆಯಲ್ಲಿ ಇಷ್ಟು ತಿಳಿದರೆ ಯಾವ ರಿವ್ಯೂವೂ ಬೇಡ.

ಹೆಜ್ಜೆ 6: ಕಾರ್ಡೋ ಡೌನ್‌ಲೋಡೋ, ಈಗಲೋ ಆಮೇಲೋ

ದಿನಾ ಸ್ವಲ್ಪ ಸ್ವಲ್ಪ ಆಡುವ ಗೇಮ್, ಅಂದರೆ ಅನಿಮಲ್ ಕ್ರಾಸಿಂಗ್ ಥರದ್ದು, ಡೌನ್‌ಲೋಡ್ ಆಗಿದ್ದರೆ ಅನುಕೂಲ. ಕಾರ್ಡ್ ಬದಲಿಸುವ ತಾಪತ್ರಯ ಇಲ್ಲ. ಒಮ್ಮೆ ಮುಗಿಸಿ ಮತ್ತೆ ಮುಟ್ಟದ ಕತೆಯ ಗೇಮ್ ಕಾರ್ಡ್‌ನಲ್ಲಿ ಇದ್ದರೆ ಮಾರಬಹುದು, ಯಾರಿಗಾದರೂ ಕೊಡಬಹುದು. ಇದು ನನ್ನ ಸಾಮಾನ್ಯ ನಿಯಮ.

ಸ್ವಿಚ್ 2 ಬಂದ ಮೇಲೆ ಇದರಲ್ಲಿ ಒಂದು ತಿರುವು ಬಂದಿದೆ. ‘ಗೇಮ್-ಕೀ ಕಾರ್ಡ್’ ಎಂದು ಡಬ್ಬಿ ಮೇಲೆ ಬರೆದಿದ್ದರೆ ಆ ಕಾರ್ಡ್‌ನಲ್ಲಿ ಗೇಮ್ ಇರುವುದಿಲ್ಲ. ಪೂರ್ತಿ ಡೌನ್‌ಲೋಡ್ ಮಾಡಬೇಕು, ಆಡುವಾಗ ಕಾರ್ಡ್ ಕೂಡ ಒಳಗಿರಬೇಕು. ಮಾರಬಹುದು ಅನ್ನುವುದೊಂದೇ ಸಮಾಧಾನ. ಮೊದಲ ಸ್ವಿಚ್‌ನ ಕೆಲವು ಡಬ್ಬಿಗಳ ಮೇಲೂ ‘ಡೌನ್‌ಲೋಡ್ ಬೇಕು’ ಅನ್ನುವ ಪಟ್ಟಿ ಇರುತ್ತದೆ. ಡಬ್ಬಿಯ ಮುಂಭಾಗದ ಮೇಲೆ ಕಣ್ಣು ಹಾಯಿಸುವುದು ಅಭ್ಯಾಸ ಮಾಡಿಕೊಳ್ಳಿ.

ಯಾವಾಗ ಕೊಳ್ಳಬೇಕು? ಇವತ್ತು ರಾತ್ರಿಯೇ ಶುರು ಮಾಡುವುದಾದರೆ ಈಗ. ಇಲ್ಲದಿದ್ದರೆ ವಿಶ್‌ಲಿಸ್ಟ್‌ಗೆ ಹಾಕಿ ಮರೆತುಬಿಡಿ. ‘ಸೇಲ್ ಮುಗಿದುಹೋಗುತ್ತೆ’ ಅನ್ನುವ ಭಯಕ್ಕೆ ಆಧಾರ ಕಡಿಮೆ. ಸ್ಟೀಮ್‌ನಲ್ಲಿ ಋತುವಿಗೊಂದು ದೊಡ್ಡ ಸೇಲ್ ಬರುತ್ತದೆ, ನಡುವೆ ಸಣ್ಣವು ಬೇರೆ. ಒಮ್ಮೆ ಅರ್ಧ ಬೆಲೆಗೆ ಇಳಿದದ್ದು ಮತ್ತೆ ಇಳಿಯುತ್ತದೆ. ಈಸ್‌ದೇರ್‌ಎನಿಡೀಲ್, ಡೆಕು ಡೀಲ್ಸ್ ಅನ್ನುವ ಜಾಲತಾಣಗಳಲ್ಲಿ ಹಿಂದಿನ ಬೆಲೆಗಳ ದಾಖಲೆ ಇದೆ, ಇಂದಿನ ‘ಭಾರಿ ರಿಯಾಯಿತಿ’ ನಿಜಕ್ಕೂ ಭಾರಿಯೋ ಅಲ್ಲವೋ ಒಂದು ಕ್ಷಣದಲ್ಲಿ ಗೊತ್ತಾಗುತ್ತದೆ. ನಿಂಟೆಂಡೊ ಸ್ವತಃ ಮಾಡುವ ಗೇಮ್‌ಗಳು ಮಾತ್ರ ಬೇರೆ ಜಾತಿ. ಅವುಗಳ ಬೆಲೆ ವರ್ಷಗಟ್ಟಲೆ ಹೆಚ್ಚು ಇಳಿಯುವುದಿಲ್ಲ. ಆಡಬೇಕು ಅನ್ನಿಸಿದಾಗ ಕೊಂಡುಬಿಡುವುದೇ ಲೇಸು, ಅಥವಾ ಸೆಕೆಂಡ್ ಹ್ಯಾಂಡ್ ಕಾರ್ಡ್ ಹುಡುಕಿ.

ಈ ‘ಕಾಯಿರಿ’ ಅನ್ನುವ ನಿಯಮ ಮುಚ್ಚಲಿರುವ ಅಂಗಡಿಗೆ ತಿರುಗುಮುರುಗು. ನಿಂಟೆಂಡೊದ ಹಳೆಯ ಯಂತ್ರ 3ಡಿಎಸ್‌ನ ಆನ್‌ಲೈನ್ ಅಂಗಡಿಯಲ್ಲಿ ಮಾರಾಟ 2023ರ ಮಾರ್ಚ್ 27ಕ್ಕೆ ನಿಂತಿತು. ಡೌನ್‌ಲೋಡ್‌ನಲ್ಲಿ ಮಾತ್ರ ಇದ್ದ ಎಷ್ಟೋ ಗೇಮ್‌ಗಳನ್ನು ಆ ಯಂತ್ರಕ್ಕೆ ಕೊಳ್ಳುವ ದಾರಿಯೇ ಹೋಯಿತು. ತನ್ನ ಹ್ಯಾಂಡ್‌ಹೆಲ್ಡ್ ಪಿಎಸ್ ವೀಟಾದ ಅಂಗಡಿಯನ್ನೂ ಮುಚ್ಚುತ್ತೇವೆ ಎಂದು ಸೋನಿ 2021ರಲ್ಲಿ ಹೇಳಿ, ಜನ ಗಲಾಟೆ ಮಾಡಿದ ಮೇಲೆ ಹಿಂದೆ ಸರಿಯಿತು. ಹಳೆಯ ಯಂತ್ರ ಇಟ್ಟುಕೊಂಡವರು, ಅದರಲ್ಲಿ ಮಾತ್ರ ಸಿಗುವ ಗೇಮ್ ಯಾವುದು ಎಂದು ಹುಡುಕಿ ಅದನ್ನು ಮೊದಲು ಕೊಳ್ಳಿ. ಬೇರೆ ಕಡೆ ಬಂದಿರುವುದು ಕಾಯಬಹುದು. ಪರ್ಸೋನಾ 4 ಗೋಲ್ಡನ್ ಬಹಳ ಕಾಲ ವೀಟಾದ ಆಸ್ತಿಯಾಗಿತ್ತು, ಈಗ ಅದು ಪಿಸಿಯಲ್ಲೂ ಸ್ವಿಚ್‌ನಲ್ಲೂ ಇದೆ.

ಹೆಜ್ಜೆ 7: ಹಳೆಯ ಕಾರ್ಟ್ರಿಡ್ಜ್ ಕೊಳ್ಳುವವರಿಗೆ

ಮೊದಲು ಹೊಂದಿಕೆ. ಡಿಎಸ್, ಡಿಎಸ್ ಲೈಟ್ ಎರಡರಲ್ಲೂ ಗೇಮ್ ಬಾಯ್ ಅಡ್ವಾನ್ಸ್ ಕಾರ್ಟ್ರಿಡ್ಜ್‌ಗೆ ಜಾಗ ಇದೆ. ಆಮೇಲೆ ಬಂದ ಡಿಎಸ್‌ಐ, 3ಡಿಎಸ್‌ನಲ್ಲಿ ಇಲ್ಲ. ಸೋನಿಯ ಹಳೆಯ ಯಂತ್ರ ಪಿಎಸ್‌ಪಿಯ ಯುಎಂಡಿ ಡಿಸ್ಕ್ ವೀಟಾಕ್ಕೆ ಹೋಗುವುದಿಲ್ಲ. 3ಡಿಎಸ್ ಗೇಮ್‌ಗಳಿಗೆ ರೀಜನ್ ಲಾಕ್ ಇದೆ: ಜಪಾನಿನ ಕಾರ್ಡ್ ಅಮೆರಿಕದ ಯಂತ್ರದಲ್ಲಿ ಓಡದು. ಪಿಎಸ್‌ಪಿ ಗೇಮ್‌ಗಳಿಗೆ, ಸ್ವಿಚ್‌ಗೆ ಆ ಕಾಟ ಇಲ್ಲ. ಆದರೂ ಬೇರೆ ದೇಶದ ಕಾರ್ಡ್‌ನಲ್ಲಿ ನಿಮಗೆ ಬರುವ ಭಾಷೆ ಇದೆಯಾ ಕೇಳಿಕೊಳ್ಳಿ.

ನಕಲಿಯ ಹಾವಳಿ ಜಾಸ್ತಿ ಇರುವುದು ಗೇಮ್ ಬಾಯ್ ಅಡ್ವಾನ್ಸ್‌ನ ಪೊಕೆಮಾನ್‌ಗಳಲ್ಲಿ. ಕಾರ್ಟ್ರಿಡ್ಜನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಓರೆ ಮಾಡಿ. ಅಸಲಿಯ ಲೇಬಲ್ ಮೇಲೆ ಎರಡಂಕಿಯ ಒಂದು ಸಣ್ಣ ಅಚ್ಚು ಒತ್ತಿರುತ್ತದೆ. ಬಣ್ಣದಲ್ಲಿ ಅಲ್ಲ, ಉಗುರಿಗೆ ತಗಲುವ ತಗ್ಗಿನ ಹಾಗೆ. ಹಿಂದೆ ತಿರುಗಿಸಿದರೆ ಸ್ಕ್ರೂ ತಲೆಯಲ್ಲಿ ಮೂರು ಗೀರು ಇರಬೇಕು, ಪ್ಲಸ್ ಗುರುತು ಇದ್ದರೆ ಅನುಮಾನ ಪಡಿ. ತುದಿಯ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಹಸಿರು ಬೋರ್ಡ್‌ನಲ್ಲಿ ‘ನಿಂಟೆಂಡೊ’ ಎಂದು ಪುಟ್ಟದಾಗಿ ಅಚ್ಚಾಗಿರುವುದು ಕಾಣಬೇಕು. ರೂಬಿ, ಸ್ಯಾಫೈರ್, ಎಮರಾಲ್ಡ್‌ಗಳ ಪ್ಲಾಸ್ಟಿಕ್ ಒಳಗೆ ಮಬ್ಬಾಗಿ ಕಾಣುವಂಥದ್ದು, ಫೈರ್‌ರೆಡ್ ಮತ್ತು ಲೀಫ್‌ಗ್ರೀನ್‌ನದು ಗಟ್ಟಿ ಬಣ್ಣ. ನಕಲಿಯಲ್ಲಿ ಆಟ ಶುರುವಾಗುತ್ತದೆ, ಸೇವ್ ಕೈಕೊಡುತ್ತದೆ. ಅದಕ್ಕೆ ಮಾರುವವರ ಎದುರೇ ಸೇವ್ ಮಾಡಿ, ಆಫ್ ಮಾಡಿ, ಮತ್ತೆ ಆನ್ ಮಾಡಿ ನೋಡಿ.

ಅಸಲಿಯಾದರೂ ಬ್ಯಾಟರಿ ಕೇಳಿ. ಪೊಕೆಮಾನ್ ಗೋಲ್ಡ್, ಸಿಲ್ವರ್‌ನ ಒಳಗೆ ಒಂದು ಸಿಆರ್2025 ಗುಂಡಿ ಬ್ಯಾಟರಿ ಇರುತ್ತದೆ. ಗೇಮ್‌ನ ಗಡಿಯಾರವೂ ಸೇವ್ ಕೂಡ ಅದರ ಮೇಲೇ ನಿಂತಿವೆ. ಗಡಿಯಾರ ಸದಾ ಓಡುವುದರಿಂದ ಅದು ಬೇಗ ಖಾಲಿ. ಬದಲಿಸದೇ ಇದ್ದರೆ ಇವತ್ತು ಆಡಿದ್ದು ನಾಳೆ ಇರುವುದಿಲ್ಲ, ಬದಲಿಸಿದರೆ ಹಳೆಯ ಸೇವ್ ಹೋಗುತ್ತದೆ. ರೂಬಿ, ಸ್ಯಾಫೈರ್, ಎಮರಾಲ್ಡ್ ಅಷ್ಟು ಕಷ್ಟ ಕೊಡುವುದಿಲ್ಲ: ಬ್ಯಾಟರಿ ಸತ್ತಿದೆ ಎಂದು ಶುರುವಿನಲ್ಲಿ ಸಂದೇಶ ಬರುತ್ತದೆ, ಗಡಿಯಾರಕ್ಕೆ ಸಂಬಂಧಿಸಿದ್ದು ನಿಲ್ಲುತ್ತದೆ, ಸೇವ್ ಮಾತ್ರ ಉಳಿಯುತ್ತದೆ. ‘ಬ್ಯಾಟರಿ ಹೋಗಿದೆ’ ಎಂದು ಯಾರಾದರೂ ಕಡಿಮೆಗೆ ಮಾರುತ್ತಿದ್ದರೆ ಯಾವ ಗೇಮ್ ಎಂದು ನೋಡಿ, ಒಳ್ಳೆಯ ವ್ಯಾಪಾರವೇ ಇರಬಹುದು.

ಶುರು ಮಾಡಿದ ಮೇಲೆ

ಆಡುತ್ತಾ ಮೂರು ನಾಲ್ಕು ಸಲ ಯಂತ್ರ ಕೈಗೆತ್ತಿಕೊಂಡು, ಆ ಗೇಮ್ ತೆರೆಯದೆ ಬೇರೆ ಏನೋ ತೆರೆದರೆ ಅದನ್ನು ಬಿಟ್ಟುಬಿಡಿ. ಅಪರಾಧ ಏನೂ ಇಲ್ಲ. ಆದರೆ ಯಾಕೆ ಬಿಟ್ಟಿರಿ ಅನ್ನುವುದನ್ನು ಆ ಹೆಸರಿನ ಮುಂದೆ ಒಂದು ಸಾಲು ಬರೆಯಿರಿ: ‘ಸೇವ್ ದೂರ’, ‘ಅಕ್ಷರ ಚಿಕ್ಕದು’, ‘ಮಾತು ಜಾಸ್ತಿ’, ‘ದಾರಿ ಮರೆಯುತ್ತೆ’. ಮುಗಿಸಿದ್ದರ ಮುಂದೆಯೂ ಹಾಗೇ, ಯಾಕೆ ಮುಗಿಸಿದಿರಿ ಎಂದು. ಮುಂದಿನ ಸೇಲ್ ಬಂದಾಗ ವಿಶ್‌ಲಿಸ್ಟ್ ಪಕ್ಕದಲ್ಲಿ ಈ ಹಾಳೆ ಇಟ್ಟುಕೊಂಡು ಕೂರಿ. ಒಂದೇ ಕಾರಣ ಎರಡು ಮೂರು ಕಡೆ ಬಂದಿದ್ದರೆ ವಿಶ್‌ಲಿಸ್ಟ್‌ನಲ್ಲಿ ಅದೇ ಥರದ್ದು ಇರುವುದನ್ನೆಲ್ಲ ಅಳಿಸಿ. ಉಳಿದವುಗಳಲ್ಲಿ ಯಾವುದಕ್ಕೆ ಡೆಮೊ ಇದೆಯೋ ಅದನ್ನು ಮೊದಲು ಇಳಿಸಿಕೊಳ್ಳಿ.